ವಿಜಯಪುರದ ಕೋಟೆಯೊಳಗೆ ಒಂದು ದಿನ: ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು

ವಿಜಯಪುರಕ್ಕೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಒಂದು ದಿನ ಸಾಕಾ? ಮೊದಲು ಎಲ್ಲಿಗೆ ಹೋಗಬೇಕು? ಅಪ್ಪ ಅಮ್ಮನಿಗೆ ಗೋಳಗುಮ್ಮಟದ ಮೆಟ್ಟಿಲು ಹತ್ತಲು ಆಗುತ್ತದಾ? ಮಸೀದಿಯ ಒಳಗೆ ನಮ್ಮನ್ನು ಬಿಡ್ತಾರಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಚ್ಚಿನವರು ಗೋಳಗುಮ್ಮಟ ಹತ್ತಿ, ಒಂದೆರಡು ಸಲ ಕೂಗಿ, ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬಾದಾಮಿ ಕಡೆ ಗಾಡಿ ತಿರುಗಿಸುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಈ ಊರು ಒಂದು ಕಟ್ಟಡದ ಊರಲ್ಲ. ಇದು ಸುತ್ತಲೂ ಗೋಡೆ ಇರುವ ಊರು. ಆ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಪೂರ್ವದಿಂದ ಪಶ್ಚಿಮಕ್ಕೆ ನಡೆದಾಗ ಮಾತ್ರ ಇದು ಅರ್ಥವಾಗುತ್ತದೆ. ಬಿಸಿಲಿನ ಲೆಕ್ಕಕ್ಕೂ ಆ ದಾರಿಯೇ ಸರಿ. ಬೆಳಿಗ್ಗೆ ಪೂರ್ವದ ಗೋಳಗುಮ್ಮಟ, ಸಂಜೆ ಪಶ್ಚಿಮದ ಇಬ್ರಾಹಿಂ ರೋಜಾ. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ.

ಹೊರಡುವ ಮುಂಚೆ: ಊರಿನ ನಕ್ಷೆ ತಲೆಯಲ್ಲಿರಲಿ

ಒಂದು ದೊಡ್ಡ ತಟ್ಟೆ, ಅದರ ನಡುವೆ ಒಂದು ಸಣ್ಣ ಬಟ್ಟಲು. ವಿಜಯಪುರ ಇರುವುದು ಹಾಗೆ. ತಟ್ಟೆಯ ಅಂಚು ಹೊರಕೋಟೆ, ಸುತ್ತಳತೆ ಸುಮಾರು 10 ಕಿ.ಮೀ. ಒಂದನೇ ಅಲಿ ಆದಿಲ್ ಶಾಹ್ ಕಾಲದಲ್ಲಿ, 1565ರ ಹೊತ್ತಿಗೆ ಇದರ ಕೆಲಸ ಮುಗಿಯಿತು. ರಕ್ಕಸಗಿ-ತಂಗಡಗಿಯ ಯುದ್ಧವಾಗಿ ಹಂಪಿ ಹಾಳಾದದ್ದೂ ಅದೇ ವರ್ಷ. ನಡುವಿನ ಬಟ್ಟಲು ಅರಕಿಲ್ಲಾ, ಅಂದರೆ ಒಳಕೋಟೆ. ಅರಮನೆ, ದರ್ಬಾರು, ರಾಜರ ಮನೆತನದವರ ವಾಸ ಎಲ್ಲ ಅಲ್ಲಿತ್ತು.

ಇಲ್ಲಿ ಮೇಲಿಂದ ಮೇಲೆ ಕೇಳುವ ಕೆಲವು ಪದಗಳಿವೆ. ಬುರುಜು ಅಂದರೆ ಗೋಡೆಯಿಂದ ಹೊರಕ್ಕೆ ಚಾಚಿದ, ತೋಪು (ಫಿರಂಗಿ) ಇಡುವ ದುಂಡು ಕೊತ್ತಳ. ಕಂದಕ ಅಂದರೆ ಗೋಡೆಯ ಹೊರಗೆ ತೋಡಿದ ಅಗಲವಾದ ಹಳ್ಳ. ಬಾವಡಿ ಅಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ದೊಡ್ಡ ಬಾವಿ. ರೋಜಾ ಅಂದರೆ ಸಮಾಧಿ ಇರುವ ಕಟ್ಟಡ ಮತ್ತು ಅದರ ತೋಟ, ಹೂವಿನ ಹೆಸರಲ್ಲ. ಈ ನಾಲ್ಕು ಗೊತ್ತಿದ್ದರೆ ಅಲ್ಲಿನ ಗೈಡ್ ಹೇಳುವುದು ಸಲೀಸಾಗಿ ತಿಳಿಯುತ್ತದೆ.

ಆದಿಲ್ ಶಾಹಿಗಳು ಇಲ್ಲಿ ಆಳಿದ್ದು 1490ರಿಂದ 1686ರವರೆಗೆ. ಇವತ್ತು ನೀವು ನೋಡುವ ದೊಡ್ಡ ಕಟ್ಟಡಗಳೆಲ್ಲ ಬಹುಪಾಲು ಕೊನೆಯ ನೂರಿಪ್ಪತ್ತು ವರ್ಷದವು. ಆದರೆ ಊರಿನ ಹೆಸರು ಅವರಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಿಂದ ಇದು ವಿಜಯಪುರವೇ.

ಹಂತ 1: ದಿನ ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ದಾಟಿತು ಅಂದರೆ ಇಲ್ಲಿನ ಬಿಸಿಲು ಬೇರೆಯೇ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮೀರುವುದು ಮಾಮೂಲಿ. ಆಗ ಬರಲೇಬೇಕಾದರೆ ಬೆಳಿಗ್ಗೆ 6ರಿಂದ 10, ಸಂಜೆ 4ರ ಮೇಲೆ, ಇಷ್ಟೇ ಸುತ್ತಾಡಿ. ನಡುವೆ ನೆರಳು ಹಿಡಿದು ಕೂರಿ.

ಶುಕ್ರವಾರ ಬೇಡ. ಎರಡು ಕಾರಣಗಳಿವೆ. ಗೋಳಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಜುಮ್ಮಾ ಮಸೀದಿಯಲ್ಲಿ ಅಂದು ಮಧ್ಯಾಹ್ನ ದೊಡ್ಡ ನಮಾಜು. ಪ್ರಾರ್ಥನೆಗೆ ಬಂದವರ ನಡುವೆ ಕ್ಯಾಮೆರಾ ಹಿಡಿದು ತಿರುಗುವುದು ಯಾರಿಗೂ ಚಂದವಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಏಳುವುದೊಂದೇ ದಾರಿ.

ಸಂಕ್ರಾಂತಿ ಸಮಯದಲ್ಲಿ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಜಾತ್ರೆ ನೋಡಲೆಂದೇ ಬರುವುದಾದರೆ ಬಹಳ ಒಳ್ಳೆಯದು, ದನಗಳ ಸಂತೆ ಕೂಡ ನೋಡಬಹುದು. ಆದರೆ ಲಾಡ್ಜ್ ಮೊದಲೇ ಬುಕ್ ಮಾಡಿ. ಬಂದ ಮೇಲೆ ಹುಡುಕಿದರೆ ರೂಮು ಸಿಗುವುದು ಕಷ್ಟ.

ಹಂತ 2: ಸಾಮಾನು ಮತ್ತು ಗಾಡಿ

ಜಾಸ್ತಿ ಏನೂ ಬೇಡ. ನೀರಿನ ಬಾಟಲಿ, ಟೋಪಿ, ಒಂದು ದುಪಟ್ಟಾ ಅಥವಾ ದೊಡ್ಡ ಕರ್ಚೀಫು, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ. ಲೇಸ್ ಕಟ್ಟುವ ಬೂಟು ಹಾಕಿಕೊಂಡು ಬಂದರೆ ದಿನವಿಡೀ ಬಿಚ್ಚುವುದು ಕಟ್ಟುವುದೇ ಕೆಲಸವಾಗುತ್ತದೆ. ಒಂದು ಜೊತೆ ಹಳೆಯ ಸಾಕ್ಸ್ ಮರೆಯಬೇಡಿ. ಇಲ್ಲಿನ ಕಟ್ಟಡಗಳು ಕಪ್ಪು ಕಲ್ಲಿನವು. ಹನ್ನೊಂದು ಗಂಟೆಯ ಮೇಲೆ ಆ ಕಲ್ಲು ಕಾದ ತವೆಯ ಹಾಗಿರುತ್ತದೆ. ಚಪ್ಪಲಿ ಬಿಟ್ಟು ಅಂಗಳ ದಾಟುವಾಗ ಮಕ್ಕಳು ಅತ್ತೇ ಬಿಡುತ್ತವೆ.

ಬಟ್ಟೆ ಮೊಣಕಾಲು, ಭುಜ ಮುಚ್ಚುವ ಹಾಗಿರಲಿ. ನೀವು ಹೋಗುವ ಜಾಗಗಳಲ್ಲಿ ಅರ್ಧಕ್ಕರ್ಧ ಇವತ್ತಿಗೂ ಜನ ಕೈಮುಗಿಯುವ, ನಮಾಜು ಮಾಡುವ ಜಾಗಗಳು. ಉಳಿದವು ಸಮಾಧಿಗಳು.

ಗಾಡಿಯ ವಿಷಯ. ರೈಲಿನಲ್ಲಿ ಬಂದರೆ ಸ್ಟೇಷನ್ ಊರಿನ ಪೂರ್ವಕ್ಕೆ, ಗೋಳಗುಮ್ಮಟದ ಹತ್ತಿರವೇ ಇದೆ. ಬಸ್ಸಿನಲ್ಲಿ ಬಂದರೆ ಕೇಂದ್ರ ಬಸ್ ನಿಲ್ದಾಣ ಊರ ನಡುವೆ, ಅರಕಿಲ್ಲಾದ ಪಕ್ಕ. ಸೊಲ್ಲಾಪುರ ಇಲ್ಲಿಂದ ಸುಮಾರು 100 ಕಿ.ಮೀ, ಹುಬ್ಬಳ್ಳಿ ಸುಮಾರು 200 ಕಿ.ಮೀ. ಊರೊಳಗೆ ಓಡಾಡಲು ಆಟೋ ಇವೆ. ಕೆಲವು ಟಾಂಗಾಗಳು ಇನ್ನೂ ಉಳಿದಿವೆ. ಮಕ್ಕಳಿದ್ದರೆ ಒಂದು ಸಣ್ಣ ದೂರಕ್ಕಾದರೂ ಟಾಂಗಾ ಹತ್ತಿಸಿ.

ಇಲ್ಲಿ ಜನ ಎಡವುವುದು ಎಲ್ಲಿ ಗೊತ್ತಾ? "ಎಲ್ಲಾ ಪಾಯಿಂಟ್ ತೋರಿಸ್ತೀನಿ" ಅನ್ನುವ ಮಾತಿಗೆ ಒಪ್ಪಿ ಆಟೋ ಹತ್ತುವುದರಲ್ಲಿ. ಆ "ಎಲ್ಲಾ" ಅನ್ನುವುದರಲ್ಲಿ ಯಾವ ಜಾಗಗಳು ಸೇರಿವೆ, ಒಂದೊಂದು ಕಡೆ ಎಷ್ಟು ಹೊತ್ತು ನಿಲ್ಲುತ್ತಾರೆ, ಒಟ್ಟು ಎಷ್ಟು ರೂಪಾಯಿ, ಮೂರನ್ನೂ ಹತ್ತುವ ಮುಂಚೆಯೇ ಮಾತಾಡಿ. ನನ್ನ ಸಲಹೆ ಕೇಳಿದರೆ ಇಡೀ ದಿನಕ್ಕೆ ಗಾಡಿ ಬೇಡ. ಬೆಳಗಿನ ಭಾಗ ನಡೆದೇ ಮುಗಿಸಬಹುದು. ಮಧ್ಯಾಹ್ನದ ಮೇಲೆ ಪಶ್ಚಿಮದ ಕಡೆಗೆ ಒಂದು ಆಟೋ ಹಿಡಿದರೆ ಸಾಕು.

ಹಂತ 3: ಬೆಳಿಗ್ಗೆ 6 ಗಂಟೆಗೆ ಗೋಳಗುಮ್ಮಟ

ಹೌದು, ಆರಕ್ಕೇ. ಬಾಗಿಲು ಆರಕ್ಕೆ ತೆರೆಯುತ್ತದೆ. ಎಂಟೂವರೆ, ಒಂಬತ್ತರ ಮೇಲೆ ಮೇಲಿನ ಗ್ಯಾಲರಿಯಲ್ಲಿ ಗದ್ದಲ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ನೂರು ಮಕ್ಕಳು ಒಟ್ಟಿಗೆ ಕಿರುಚುವಾಗ ಪಿಸುಮಾತಿನ ಗ್ಯಾಲರಿಗೆ ಹೋಗಿ ಪ್ರಯೋಜನವಿಲ್ಲ.

ಟಿಕೆಟ್ ಬಾಗಿಲಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇದೇ ಇಲಾಖೆ, ಅಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆ, ಇಬ್ರಾಹಿಂ ರೋಜಾದಲ್ಲೂ ಟಿಕೆಟ್ ಇಟ್ಟಿದೆ. ಅಲ್ಲಿ ಬೇರೆಯಾಗಿ ಕೊಳ್ಳಬೇಕು. ಟ್ರೈಪಾಡ್, ಡ್ರೋನ್ ತರಬೇಡಿ, ಮೊದಲೇ ಅನುಮತಿ ಇಲ್ಲದೆ ಬಿಡುವುದಿಲ್ಲ.

ಒಳಗೆ ಹೋದ ತಕ್ಷಣ ಮೆಟ್ಟಿಲಿನ ಕಡೆ ಓಡಬೇಡಿ. ಮೊದಲು ದಕ್ಷಿಣದ ಬಾಗಿಲ ಮುಂದೆ ನಿಂತು ತಲೆಯೆತ್ತಿ ನೋಡಿ. ಸರಪಳಿಯಲ್ಲಿ ಒಂದು ಕಲ್ಲು ತೂಗುತ್ತಿದೆ. ಜನ ಇದನ್ನು ಬಿಜಲಿ ಪತ್ಥರ್ ಅನ್ನುತ್ತಾರೆ, ಸಿಡಿಲು ತಡೆಯುವ ಕಲ್ಲು ಎಂಬ ನಂಬಿಕೆ. ಆಕಾಶದಿಂದ ಬಿದ್ದ ಉಲ್ಕೆ ಎಂದೂ ಹೇಳುತ್ತಾರೆ. ಬಾಗಿಲ ಮೇಲೆ ಪರ್ಶಿಯನ್ ಬರಹದ ಮೂರು ಫಲಕಗಳಿವೆ. ಇದು ಯಾರ ಸಮಾಧಿಯೋ ಆ ದೊರೆ ಮಹಮ್ಮದ್ ಆದಿಲ್ ಶಾಹ್ ತೀರಿಕೊಂಡ ವರ್ಷವನ್ನು ಅವುಗಳ ಅಕ್ಷರಗಳಲ್ಲೇ ಹೆಣೆದಿದ್ದಾರೆ. ಅಕ್ಷರಗಳಿಗೆ ಬೆಲೆ ಕಟ್ಟಿ ಕೂಡಿದರೆ ಇಸವಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು 1656.

ಇನ್ನು ಒಳಗೆ ಬನ್ನಿ. ನಡುವೆ ಎತ್ತರದ ಕಟ್ಟೆ, ಅದರ ಮೇಲೆ ಗೋರಿಗಳು. ಮಹಮ್ಮದ್ ಆದಿಲ್ ಶಾಹ್, ಅವನ ರಾಣಿಯರು, ಅವನ ಮೆಚ್ಚಿನ ನರ್ತಕಿ ರಂಭಾ, ಮಗಳು, ಮೊಮ್ಮಗ. ನಿಜವಾದ ಸಮಾಧಿಗಳು ಇವುಗಳ ನೇರ ಕೆಳಗೆ, ನೆಲಮಾಳಿಗೆಯಲ್ಲಿವೆ. ಮೇಲಿನವು ಗುರುತಿಗೆ ಇಟ್ಟವು. ಈ ಕಟ್ಟೆಯ ಹತ್ತಿರ ಒಂದೈದು ನಿಮಿಷ ಸುಮ್ನೆ ನಿಲ್ಲಿ.

ಈಗ ಒಂದು ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಮೇಲೆ ನೋಡಿ. ನೆಲ ಚೌಕ, ಒಂದೊಂದು ಬದಿ ಸುಮಾರು 135 ಅಡಿ. ಮೇಲೆ ಕೂತಿರುವ ಗುಮ್ಮಟ ದುಂಡು, ಒಳವ್ಯಾಸ ಸುಮಾರು 124 ಅಡಿ. ನಡುವೆ ಒಂದೇ ಒಂದು ಕಂಬ ಇಲ್ಲ. ಚೌಕದ ಮೇಲೆ ದುಂಡು ಹೇಗೆ ನಿಂತಿತು? ಉತ್ತರ ನಿಮ್ಮ ತಲೆಯ ಮೇಲೆಯೇ ಇದೆ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಹಾದು ಹೋಗಿವೆ. ಚುಕ್ಕಿ ಇಟ್ಟು ಎರಡು ಚೌಕ ಎಳೆದು, ಒಂದನ್ನು ಓರೆಯಾಗಿ ತಿರುಗಿಸಿದರೆ ಎಂಟು ಮೂಲೆಯ ನಕ್ಷತ್ರ ರಂಗೋಲಿ ಬರುತ್ತದಲ್ಲ, ಹಾಗೆ. ಆ ರಂಗೋಲಿಯ ನಡುವೆ ಉಳಿಯುವ ಎಂಟು ಮೂಲೆಯ ಜಾಗ ಹೆಚ್ಚುಕಮ್ಮಿ ದುಂಡಾಗಿರುತ್ತದೆ. ಅದರ ಮೇಲೆ ಗುಮ್ಮಟ ಕೂತಿದೆ. ಭಾರ ಕಮಾನುಗಳಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತದೆ. ಇಷ್ಟು ತಿಳಿದುಕೊಂಡು ಮೇಲೆ ಹತ್ತಿದರೆ ಪಿಸುಮಾತಿನ ಗ್ಯಾಲರಿ ಏಕೆ ಅಷ್ಟು ಮುಂದಕ್ಕೆ ಚಾಚಿದೆ ಎಂಬುದೂ ತಿಳಿಯುತ್ತದೆ. ಅದು ಈ ಕಮಾನುಗಳ ನೆತ್ತಿಯ ಮೇಲೆ, ಗುಮ್ಮಟದ ಬುಡದಲ್ಲಿದೆ.

ಮೆಟ್ಟಿಲು ಇರುವುದು ಮೂಲೆಯ ಗೋಪುರಗಳಲ್ಲಿ, ಏಳು ಅಂತಸ್ತು. ಇಕ್ಕಟ್ಟು, ಕಡಿದು, ಕೆಲವು ಕಡೆ ಕತ್ತಲು. ಮೊಣಕಾಲು ನೋವು, ಉಬ್ಬಸ, ಎದೆಯ ತೊಂದರೆ ಇರುವವರನ್ನು ಒತ್ತಾಯ ಮಾಡಬೇಡಿ. ಕೆಳಗಿನ ಹಜಾರದಲ್ಲೂ ಪ್ರತಿಧ್ವನಿ ಚೆನ್ನಾಗಿ ಕೇಳುತ್ತದೆ, ತೋಟದಲ್ಲಿ ಕೂರಲು ಜಾಗವಿದೆ. ಹತ್ತುವವರು ಒಂದೊಂದು ಅಂತಸ್ತಿನಲ್ಲಿ ಕಿಟಕಿಯ ಬಳಿ ಉಸಿರು ತೆಗೆದುಕೊಳ್ಳಿ. ಇಳಿಯುವವರಿಗೆ ಗೋಡೆಯ ಬದಿ ಬಿಟ್ಟುಕೊಡಿ.

ಮೇಲೆ ಮೊದಲು ಸಿಗುವುದು ಬಯಲು ಮಾಳಿಗೆ. ಇಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಇವತ್ತು ನೀವು ನೋಡಲಿರುವುದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಹತ್ತಿರದಲ್ಲಿ ಜುಮ್ಮಾ ಮಸೀದಿಯ ಗುಮ್ಮಟ, ಆಚೆ ಊರು, ಊರಿನ ಕೊನೆಯಲ್ಲಿ ಇಬ್ರಾಹಿಂ ರೋಜಾದ ಮಿನಾರುಗಳು.

ಆಮೇಲೆ ಗುಮ್ಮಟದ ಬುಡದಲ್ಲಿರುವ ಸಣ್ಣ ಬಾಗಿಲಿನಿಂದ ಗ್ಯಾಲರಿಗೆ ಹೋಗಿ. ನಿಮ್ಮ ಜೊತೆಯವರು ಎದುರು ಬದಿಗೆ ನಡೆದು ಹೋಗಲಿ. ಇಬ್ಬರೂ ಗೋಡೆಗೆ ಮುಖ ಮಾಡಿ. ಗೋಡೆಯ ಹತ್ತಿರ ಬಾಯಿಟ್ಟು ತೀರಾ ಮೆಲ್ಲಗೆ, ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಮಾತಾಡಿ. ನೂರಿಪ್ಪತ್ತು ಅಡಿಗೂ ಜಾಸ್ತಿ ದೂರದಲ್ಲಿ ನಿಂತವರಿಗೆ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳುತ್ತದೆ. ಗೋಡೆ ದುಂಡಾಗಿರುವುದರಿಂದ ಧ್ವನಿ ಅದರ ಮೈ ಹಿಡಿದುಕೊಂಡೇ ಸರಿದು ಆ ಬದಿ ತಲುಪುತ್ತದೆ. ಕೂಗುವ ಅಗತ್ಯವೇ ಇಲ್ಲ. ಕೂಗಿದರೆ ಎದುರಿನವರಿಗೆ ಒಂದು ಮಾತೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಶಬ್ದ ಏಳೆಂಟು ಸಲ ಮರಳಿ ಬಂದು ಒಂದರ ಮೇಲೊಂದು ಬೀಳುತ್ತದೆ. ಪ್ರತಿಧ್ವನಿ ಎಣಿಸಬೇಕೆಂದಿದ್ದರೆ ಒಂದೇ ಒಂದು ಚಪ್ಪಾಳೆ ತಟ್ಟಿ, ಅದು ಪೂರ್ತಿ ಅಡಗುವವರೆಗೆ ಕಾಯಿರಿ. ಅಷ್ಟು ಹೊತ್ತು ಯಾರೂ ಮಾತಾಡಬೇಡಿ ಎಂದು ಮಕ್ಕಳಿಗೆ ಮೇಲೆ ಹತ್ತುವ ಮುಂಚೆಯೇ ಹೇಳಿಡಿ.

ಇಲ್ಲಿನ ಗೋಡೆಗಳ ಮೇಲೆ ಹೆಸರು ಗೀಚಿದ್ದು ಕಾಣುತ್ತದೆ. ಯಾವುದೋ ಜೋಡಿಯ ಹೆಸರು, ಬಾಣ, ಇಸವಿ. ಮುನ್ನೂರೈವತ್ತು ವರ್ಷ ಗಾಳಿ ಮಳೆಗೆ ಜಗ್ಗದ ಗಾರೆ ಒಂದು ಕೀಲಿಯ ಮೊನೆಗೆ ಉದುರುತ್ತದೆ. ನಿಮ್ಮ ಜೊತೆ ಬಂದವರು ಯಾರಾದರೂ ಹಾಗೆ ಮಾಡಹೊರಟರೆ ದಯವಿಟ್ಟು ತಡೆಯಿರಿ.

ಹಂತ 4: ನಗಾರಖಾನೆಯ ಮ್ಯೂಸಿಯಂ

ಗುಮ್ಮಟದ ಮುಂದೆ ಇರುವ ಕಟ್ಟಡ ನಗಾರಖಾನೆ, ಅಂದರೆ ನಗಾರಿ ಬಾರಿಸುತ್ತಿದ್ದ ಜಾಗ. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. ತೆರೆಯುವುದು 10 ಗಂಟೆಗೆ. ಅಷ್ಟರಲ್ಲಿ ಹೊರಗೆ ಹೋಗಿ ತಿಂಡಿ ತಿಂದು ಬನ್ನಿ. ಹಳೆಯ ಶಾಸನಗಳು, ವಿಗ್ರಹಗಳು, ಆಯುಧ, ಚೀನಿ ಪಾತ್ರೆ, ರತ್ನಗಂಬಳಿ ಇವೆ. ಕನ್ನಡ ಶಾಸನದ ಕಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಈ ಊರಿನ ವಯಸ್ಸು ತಿಳಿಯುತ್ತದೆ. ಮುಕ್ಕಾಲು ಗಂಟೆ ಸಾಕು. ಸಮಯ ಕಡಿಮೆ ಇದ್ದರೆ ಬಿಡಬಹುದಾದ ಹಂತ ಇದೊಂದೇ.

ಹಂತ 5: ಜುಮ್ಮಾ ಮಸೀದಿ, ದಾರಿಯಲ್ಲಿ ಮೆಹ್ತರ್ ಮಹಲ್

ಗೋಳಗುಮ್ಮಟದಿಂದ ಇಲ್ಲಿಗೆ ನಡೆದೇ ಬರಬಹುದು. ಹನ್ನೊಂದರ ಸುಮಾರಿಗೆ ಬಂದರೆ ಮಧ್ಯಾಹ್ನದ ನಮಾಜಿಗೆ ಮುಂಚೆ ನೋಡಿ ಮುಗಿಸಬಹುದು. ಟಿಕೆಟ್ ಇಲ್ಲ.

ಒಂದನೇ ಅಲಿ ಆದಿಲ್ ಶಾಹ್ ಶುರು ಮಾಡಿದ ಮಸೀದಿ ಇದು. ಇದರ ಕೆಲಸ ಕೊನೆಗೂ ಪೂರ್ತಿಯಾಗಲಿಲ್ಲ, ಎರಡು ಮಿನಾರುಗಳು ಮೇಲೇಳಲೇ ಇಲ್ಲ. ಹಾಗಿದ್ದೂ ದಖ್ಖನಿನ ದೊಡ್ಡ ಮಸೀದಿಗಳಲ್ಲಿ ಇದೂ ಒಂದು. ಬಿಳಿ ಕಮಾನುಗಳ ಸಾಲು ಒಂದರ ಹಿಂದೆ ಒಂದು ಹೋಗುತ್ತದೆ. ಒಳಗೆ ನೆಲ ನೋಡಿ. ಕಪ್ಪು ಗೆರೆಯಲ್ಲಿ ಬರೆದ ಚೌಕಗಳು, ಒಬ್ಬೊಬ್ಬರು ನಮಾಜಿಗೆ ಕೂರುವಷ್ಟು ಅಳತೆ. ಒಟ್ಟು 2,250. ಊರನ್ನು ಗೆದ್ದ ಮೇಲೆ ಔರಂಗಜೇಬ ಬರೆಸಿದ್ದು ಎನ್ನುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುವುದು ಮಿಹ್ರಾಬ್, ಮೆಕ್ಕಾದ ದಿಕ್ಕು ತೋರಿಸುವ ಗೂಡು. 1636ರಲ್ಲಿ ಮಹಮ್ಮದ್ ಆದಿಲ್ ಶಾಹ್ ಅದನ್ನು ಅಲಂಕರಿಸಿದ. ಕೆಲವು ಸಲ ಅದಕ್ಕೆ ಪರದೆ ಹಾಕಿರುತ್ತಾರೆ. ನೀವೇ ಸರಿಸಬೇಡಿ. ಅಲ್ಲಿ ನೋಡಿಕೊಳ್ಳುವ ಚಾಚಾ ಇರುತ್ತಾರೆ, ಕೇಳಿದರೆ ತೋರಿಸುತ್ತಾರೆ.

ಇಲ್ಲಿನ ರೀತಿ ಇಷ್ಟೇ. ಚಪ್ಪಲಿ ಹೊರಗೆ. ತಲೆಗೆ ಕರ್ಚೀಫು ಅಥವಾ ದುಪಟ್ಟಾ. ನಮಾಜು ಮಾಡುತ್ತಿರುವವರ ಮುಂದೆ ಹಾದು ಹೋಗಬಾರದು, ಹಿಂದಿನಿಂದ ಬಳಸಿ ಹೋಗಿ. ಹೆಣ್ಣುಮಕ್ಕಳು ಒಳಹಜಾರಕ್ಕೆ ಹೋಗುವ ಮುಂಚೆ ಅಲ್ಲಿರುವ ಹಿರಿಯರನ್ನು ಒಂದು ಮಾತು ಕೇಳಿ. ಕೇಳಿದರೆ ಯಾರೂ ಬಿರುಸಾಗಿ ಮಾತಾಡುವುದಿಲ್ಲ. ಬಂದವರನ್ನು ಪ್ರೀತಿಯಿಂದ ಕಾಣುವ ಊರು ಇದು.

ಇಲ್ಲಿಂದ ಅರಕಿಲ್ಲಾ ಕಡೆ ಹೋಗುವ ದಾರಿಯಲ್ಲಿ ತಪ್ಪದೆ ನೋಡಬೇಕಾದದ್ದು ಮೆಹ್ತರ್ ಮಹಲ್. ಹೆಸರಿಗೆ ಮಹಲ್, ನಿಜಕ್ಕೆ ಅದು ಒಳಗಿನ ಮಸೀದಿಗೆ ಹೆಬ್ಬಾಗಿಲು. ರಸ್ತೆ ಬದಿಯಲ್ಲೇ ಇರುವುದರಿಂದ ಜನ ಗಮನಿಸದೆ ಮುಂದೆ ಹೋಗುತ್ತಾರೆ. ಮೇಲಿನ ಉಪ್ಪರಿಗೆಯನ್ನು ಹೊತ್ತಿರುವ ಓರೆ ತೋಳುಗಳನ್ನು ನೋಡಿ. ಹಕ್ಕಿ, ಸಿಂಹ, ಬಳ್ಳಿ ಎಲ್ಲ ಕೆತ್ತಿದ್ದಾರೆ. ಬಡಗಿ ಕಟ್ಟಿಗೆಯಲ್ಲಿ ಮಾಡುವ ಕೆಲಸ, ಇಲ್ಲಿ ಕಲ್ಲಿನಲ್ಲಿ ಆಗಿದೆ.

ಹಂತ 6: ಅರಕಿಲ್ಲಾ ಮತ್ತು ಊಟ

ಅರಕಿಲ್ಲಾದ ಪೂರ್ವದ ಅಂಚಿನಲ್ಲಿ ಅಸರ್ ಮಹಲ್. 1646ರಲ್ಲಿ ನ್ಯಾಯ ಹೇಳುವ ಜಾಗವಾಗಿ ಕಟ್ಟಿದ್ದು. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಇಲ್ಲಿ ಇಟ್ಟರು, ಅಂದಿನಿಂದ ಇದು ಶ್ರದ್ಧೆಯ ಜಾಗ. ಮಹಿಳೆಯರಿಗೆ ಒಳಗೆ ಪ್ರವೇಶವಿಲ್ಲ. ಇದು ಗೊತ್ತಿಲ್ಲದೆ ಬಂದು ಬಾಗಿಲಲ್ಲಿ ಬೇಸರಪಟ್ಟುಕೊಳ್ಳುವವರು ಬಹಳ. ಮುಂದಿನ ಕೊಳ, ಎತ್ತರದ ಕಟ್ಟಿಗೆ ಕಂಬಗಳು ಹೊರಗಿನಿಂದಲೇ ಕಾಣುತ್ತವೆ.

ಒಳಗೆ ಗಗನ ಮಹಲ್ ಇದೆ, 1561ರದ್ದು. ಮುಂದಿನ ದೊಡ್ಡ ಕಮಾನಿನ ಕೆಳಗೆ ದರ್ಬಾರು ನಡೆಯುತ್ತಿತ್ತು. ಕೊನೆಯ ದೊರೆ ಸಿಕಂದರ್ ಆದಿಲ್ ಶಾಹ್ 1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬನಿಗೆ ಶರಣಾದ. ಬೆಳ್ಳಿಯ ಸಂಕೋಲೆ ತೊಡಿಸಿ ಅವನನ್ನು ಇಲ್ಲಿಗೇ ಕರೆತಂದರು ಎಂದು ಹೇಳುತ್ತಾರೆ. ಆಗ ಅವನಿನ್ನೂ ಹುಡುಗ. ಈಗ ಸಂಜೆ ಹೊತ್ತು ಅದೇ ಕಮಾನಿನ ಮುಂದೆ ಮಕ್ಕಳು ಆಡುತ್ತಿರುತ್ತಾರೆ.

ಹತ್ತಿರದಲ್ಲೇ ಸಾತ್ ಮಂಜಿಲ್ ಎಂಬ ಹಳೆಯ ಅರಮನೆ, ಅದರ ಎದುರು ಪುಟ್ಟ ಮಂಟಪದಂಥ ಜಲ ಮಂದಿರ. ಎರಡೂ ಐದೈದು ನಿಮಿಷದ ನೋಟ. ಅರಕಿಲ್ಲಾದ ಕಂದಕದ ಬಳಿ ನರಸಿಂಹ ದೇವರ ಗುಡಿಯಿದೆ, ಕೈಮುಗಿದು ಬನ್ನಿ. ಹಳೆಯ ಕರೀಮುದ್ದೀನ್ ಮಸೀದಿಯೂ ಇಲ್ಲೇ ಇದೆ. ಆದಿಲ್ ಶಾಹಿಗಳು ಬರುವ ಮುಂಚಿನದು, ದೇವಸ್ಥಾನದ ಕಂಬಗಳನ್ನು ಬಳಸಿ ಕಟ್ಟಿದ್ದು.

ಆಮೇಲೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹ್ ತನಗೆಂದು ಶುರು ಮಾಡಿದ ಸಮಾಧಿ. ಗೋಳಗುಮ್ಮಟವನ್ನೂ ಮೀರಿಸಬೇಕು ಎಂಬ ಆಸೆಯಿತ್ತು ಎನ್ನುತ್ತಾರೆ. 1672ರಲ್ಲಿ ಅವನು ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಎತ್ತರದ ಕಟ್ಟೆಯ ಮೇಲೆ ಕಪ್ಪು ಕಮಾನುಗಳು ಮಾತ್ರ ನಿಂತಿವೆ, ಮೇಲೆ ಆಕಾಶ. ಫೋಟೊ ಚೆನ್ನಾಗಿ ಬರುತ್ತದೆ, ಎಲ್ಲರೂ ತೆಗೆಯುತ್ತಾರೆ. ನಡುವೆ ಗೋರಿಗಳಿವೆ, ಅವುಗಳ ಮೇಲೆ ಕೂತು ಮಾತ್ರ ತೆಗೆಸಿಕೊಳ್ಳಬೇಡಿ.

ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಬಸ್ ನಿಲ್ದಾಣದ ಸುತ್ತಮುತ್ತ ಯಾವುದಾದರೂ ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ವಿಜಯಪುರ ಜೋಳದ ನಾಡು, ಇಲ್ಲಿನ ಬಿಳಿಜೋಳದ ರೊಟ್ಟಿ ತಿನ್ನದೆ ಹೋಗುವುದು ಸರಿಯಲ್ಲ. ಖಾರ ಕಡಿಮೆ ಬೇಕಾದರೆ ಮೊದಲೇ ಹೇಳಿ.

ಹಂತ 7: ಪಶ್ಚಿಮದ ಗೋಡೆ: ಬುರುಜು, ತೋಪು, ಬಾವಡಿ

ಈಗ ಆಟೋ ಹಿಡಿಯಿರಿ. ಮೊದಲು ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ. ಹೊರಮೈಗೆ ಸುತ್ತಿಕೊಂಡು ಮೆಟ್ಟಿಲು ಹೋಗುತ್ತವೆ. ಮೇಲೆ ಎರಡು ಉದ್ದನೆಯ ತೋಪು ಇವೆ. ಮಕ್ಕಳ ಕೈ ಬಿಡಬೇಡಿ.

ಅಲ್ಲಿಂದ ಮುಂದೆ ಕೋಟೆ ಗೋಡೆಯ ಮೇಲೆ, ಶೇರ್ಜಾ ಬುರುಜಿನಲ್ಲಿ ಮಲಿಕ್-ಎ-ಮೈದಾನ್, ಅಂದರೆ ರಣರಂಗದ ಒಡೆಯ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು. ಉದ್ದ ಸುಮಾರು 14 ಅಡಿ, ತೂಕ 55 ಟನ್. 1632ರಲ್ಲಿ ಪರಾಂಡದ ಕೋಟೆಯಿಂದ ಇಲ್ಲಿಗೆ ತಂದರು. ಬಾಯಿಯ ಕಡೆ ಬಂದು ನೋಡಿ. ಸಿಂಹದ ಬಾಯಿ ಅಗಲವಾಗಿ ತೆರೆದಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಗಂಟೆಗೆ ಬಳಸುವಂಥ ಲೋಹ, ಮೆಲ್ಲಗೆ ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಕಲ್ಲಿನಿಂದ ಕುಟ್ಟಬೇಡಿ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ ಇದನ್ನು ಹಳೆ ಲೋಹ ಎಂದು ಹರಾಜಿಗೆ ಹಾಕಿದ್ದರು. ಬಂದ ಹೆಚ್ಚಿನ ಬೆಲೆ 150 ರೂಪಾಯಿ. ಅಧಿಕಾರಿಯೊಬ್ಬರಿಗೆ ಅದು ಸರಿಕಾಣದೆ ಮಾರಾಟ ರದ್ದಾಯಿತು. ಅದಕ್ಕೇ ಇವತ್ತು ನಾವು ನೋಡುತ್ತಿದ್ದೇವೆ.

ಇನ್ನೊಂದು ತಾಜ್ ಬಾವಡಿ. ಇದನ್ನು ಜನ ಬಿಟ್ಟು ಹೋಗುತ್ತಾರೆ, ನೀವು ಬಿಡಬೇಡಿ. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಕಟ್ಟಿಸಿದ್ದು. ಎರಡು ಗೋಪುರಗಳ ನಡುವೆ ಸುಮಾರು 35 ಅಡಿ ಅಗಲದ ಕಮಾನು, ಅದರ ಕೆಳಗೆ ನೀರು. ಬಿಸಿಲಿನಿಂದ ಬಂದು ಆ ಕಮಾನಿನ ನೆರಳಿಗೆ ನಿಂತರೆ ಮೈಗೆ ತಂಪು ತಾಗುತ್ತದೆ. ಇಷ್ಟು ದೊಡ್ಡ ಊರಿಗೆ, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರು ಎಲ್ಲಿಂದ ಬರುತ್ತಿತ್ತು ಅನ್ನುವ ಪ್ರಶ್ನೆ ಇಲ್ಲಿ ಏಳಬೇಕು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಹರಿಸಿದರು. ಊರಿನ ಓಣಿಗಳಲ್ಲಿ ಅಲ್ಲಲ್ಲಿ ಚೌಕಾಕಾರದ ಹಳೆಯ ಗೋಪುರ ಕಂಡರೆ ಅದು ಗಂಜ್. ಕೊಳವೆಯೊಳಗೆ ನೀರಿನ ಒತ್ತಡ ಜಾಸ್ತಿಯಾಗಿ ಒಡೆಯದ ಹಾಗೆ, ಕೆಸರು ಕೆಳಗೆ ಕೂರುವ ಹಾಗೆ ಕಟ್ಟಿದ್ದು. ಯಾವ ಪಟ್ಟಿಯಲ್ಲೂ ಇದರ ಹೆಸರಿಲ್ಲ. ನನಗೆ ಮಾತ್ರ ಗುಮ್ಮಟಗಳಷ್ಟೇ ದೊಡ್ಡದು ಅನ್ನಿಸುತ್ತದೆ.

ಬಾವಡಿಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತವೆ. ನೀರಿನ ಅಂಚಿಗೆ ಹೋಗಬೇಡಿ. ಏನನ್ನೂ ಎಸೆಯಬೇಡಿ, ಹೂವನ್ನೂ ಸಹ.

ಹಂತ 8: ಸಂಜೆ 4 ಗಂಟೆಗೆ ಇಬ್ರಾಹಿಂ ರೋಜಾ

ಕೋಟೆ ಗೋಡೆ ದಾಟಿ ಹೊರಗೆ ಬಂದರೆ ಇಬ್ರಾಹಿಂ ರೋಜಾ. 6ಕ್ಕೆ ಬಾಗಿಲು ಹಾಕುತ್ತಾರೆ. ಐದೂವರೆಗೆ ಓಡಿ ಬಂದು "ಅಯ್ಯೋ, ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು" ಅನ್ನುವವರನ್ನು ದಿನವೂ ನೋಡಬಹುದು. ಇಲ್ಲಿಗೆ ಎರಡು ಗಂಟೆ ಇಟ್ಟುಕೊಳ್ಳಿ.

ಒಂದೇ ಕಟ್ಟೆಯ ಮೇಲೆ ಎದುರುಬದುರು ಎರಡು ಕಟ್ಟಡಗಳು, ನಡುವೆ ಕಾರಂಜಿಯ ಕೊಳ. ಪೂರ್ವದ್ದು ಸಮಾಧಿ, ಪಶ್ಚಿಮದ್ದು ಮಸೀದಿ. ಕಟ್ಟಿದವನು ಮಲಿಕ್ ಸಂದಲ್. ಮೊದಲು ರಾಣಿ ತಾಜ್ ಸುಲ್ತಾನಾಗೆಂದು ಶುರುವಾದದ್ದು. 1627ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನೇ ಮೊದಲು ತೀರಿಕೊಂಡು ಇಲ್ಲಿ ಮಲಗಿದ.

ಈ ಇಬ್ರಾಹಿಂ ಯಾರು ಎಂದು ತಿಳಿದು ಬಂದರೆ ಇಲ್ಲಿನ ನೋಟವೇ ಬೇರೆ. ಜನ ಅವನನ್ನು ಜಗದ್ಗುರು ಬಾದಶಾಹ್ ಎಂದು ಕರೆದರು. ಸಂಗೀತದ ಹುಚ್ಚಿದ್ದ ದೊರೆ. ಅವನು ಬರೆದ ಹಾಡುಗಳ ಕಿತಾಬ್-ಎ-ನವರಸ್ ಶುರುವಾಗುವುದು ಸರಸ್ವತಿಯ ಸ್ತುತಿಯಿಂದ.

ಈಗ ಸಮಾಧಿಯ ಕಿಟಕಿಗಳ ಹತ್ತಿರ ಹೋಗಿ. ದೂರದಿಂದ ಸುಮ್ನೆ ಜಾಲಂಧ್ರದ ಹಾಗೆ ಕಾಣುತ್ತದೆ. ಒಂದು ಅಡಿ ದೂರಕ್ಕೆ ಬನ್ನಿ. ಅವು ಅಕ್ಷರಗಳು. ಅರಬ್ಬಿ ಅಕ್ಷರಗಳನ್ನು ಉಳಿಸಿ ನಡುವಿನ ಕಲ್ಲನ್ನು ಮಾತ್ರ ಕೊರೆದು ತೆಗೆದಿದ್ದಾರೆ. ಅಕ್ಷರದ ಸಂದಿಗಳಿಂದಲೇ ಒಳಗೆ ಬೆಳಕು ಹೋಗುತ್ತದೆ. ಇಳಿಬಿಸಿಲು ಪಶ್ಚಿಮದಿಂದ ಬೀಳುವಾಗ ಒಳಗೆ ನಿಂತು ನೋಡಬೇಕು. ಅದಕ್ಕಾಗಿಯೇ ಇದನ್ನು ಸಂಜೆಗೆ ಇಟ್ಟದ್ದು.

ಒಳಗೆ ತಲೆಯೆತ್ತಿ ನೋಡಿ. ಕೋಣೆ ಸುಮಾರು 40 ಅಡಿ ಚೌಕ. ಮೇಲ್ಛಾವಣಿಯ ನಡುಭಾಗ ಚಪ್ಪಟೆ, ಕಲ್ಲಿನ ಚಪ್ಪಡಿಗಳು ಕೆಳಗೆ ಯಾವ ಆಸರೆಯೂ ಇಲ್ಲದೆ ನಿಂತಿವೆ. ಗೋಳಗುಮ್ಮಟದಲ್ಲಿ ದೊಡ್ಡದನ್ನು ಕಟ್ಟುವ ಧೈರ್ಯ ಕಂಡಿರಿ. ಇಲ್ಲಿರುವುದು ಕೈಯ ಕಸುಬು. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಕೆತ್ತನೆಯನ್ನು ಕೈಯಿಂದ ಸವರಬೇಡಿ. ಕೈಯ ಬೆವರು, ಎಣ್ಣೆ ಕಲ್ಲಿನ ಮೈ ತಿನ್ನುತ್ತದೆ. ಬಾಗಿಲ ಪಕ್ಕದ ಕೆತ್ತನೆ ಹಾಗೆ ಸವೆದಿರುವುದು ನಿಮಗೇ ಕಾಣುತ್ತದೆ.

ಹಂತ 9: ಇನ್ನೂ ಅರ್ಧ ದಿನ ಇದ್ದರೆ

ಮರುದಿನ ಬೆಳಿಗ್ಗೆ ಮೊದಲು ಊರ ನಡುವಿನ ಸಿದ್ಧೇಶ್ವರ ಗುಡಿಗೆ ಹೋಗಿ. ಆಮೇಲೆ ಊರಿನ ಹೊರಗೆ ದರ್ಗಾ ಎಂಬಲ್ಲಿರುವ ಸಹಸ್ರಫಣಿ ಪಾರ್ಶ್ವನಾಥ ಬಸದಿ. ಕಪ್ಪು ಶಿಲೆಯ ಮೂರ್ತಿಯ ತಲೆಯ ಮೇಲೆ 1008 ಹೆಡೆಗಳಿವೆ. ಚರ್ಮದ ಬೆಲ್ಟು, ಪರ್ಸು ಗಾಡಿಯಲ್ಲೇ ಬಿಟ್ಟು ಒಳಗೆ ಹೋಗಿ. ಮಕ್ಕಳಿದ್ದರೆ ಉಕ್ಕಲಿ ರಸ್ತೆಯ ಶಿವಗಿರಿ, 85 ಅಡಿಯ ಶಿವನ ಮೂರ್ತಿ ಇದೆ. ಅಕ್ಕಪಕ್ಕ ಎರಡು ಸಮಾಧಿಗಳಿರುವ ಜೋಡ ಗುಮ್ಮಟಕ್ಕೂ ಹೋಗಬಹುದು. ಅಲ್ಲಿ ದಿನವೂ ಎಲ್ಲ ಜಾತಿಯ ಜನ ಸಕ್ಕರೆ, ಹೂವು ತೆಗೆದುಕೊಂಡು ಬರುತ್ತಾರೆ.

ಸಮಯ ಒಂದೇ ಜಾಗಕ್ಕೆ ಆಗುವಷ್ಟಿದ್ದರೆ ತೊರವಿಗೆ ಹೋಗಿ. ಊರಿನ ಪಶ್ಚಿಮಕ್ಕೆ ಕೆಲವೇ ಕಿ.ಮೀ. ಅಲ್ಲಿನ ನರಸಿಂಹನ ಸನ್ನಿಧಿಯಲ್ಲೇ ಕುಮಾರ ವಾಲ್ಮೀಕಿ ಕನ್ನಡದಲ್ಲಿ ತೊರವೆ ರಾಮಾಯಣ ಬರೆದದ್ದು. ಗುಡಿ ಗವಿಯೊಳಗಿದೆ, ತಲೆ ಬಗ್ಗಿಸಿ ಹೋಗಬೇಕು. ಅದರ ಹತ್ತಿರವೇ ಇಬ್ರಾಹಿಂ 1599ರಲ್ಲಿ ಸಂಗೀತಕ್ಕೆಂದೇ ಕಟ್ಟಲು ಹೊರಟ ನವರಸಪುರದ ಅವಶೇಷಗಳು. 1624ರಲ್ಲಿ ಅಹಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ದೊಡ್ಡ ಕಮಾನು ಇನ್ನೂ ನಿಂತಿದೆ. ತೊರವಿಯಲ್ಲಿ ಹೋಟೆಲ್ ಹುಡುಕುತ್ತಾ ಕೂರಬೇಡಿ. ಊರಿನಿಂದಲೇ ರೊಟ್ಟಿ, ಚಟ್ನಿ ಕಟ್ಟಿಸಿಕೊಂಡು ಹೋಗಿ. ಹೋಗುವ ಆಟೋವನ್ನೇ ವಾಪಸ್ ಬರಲೂ ಮಾತಾಡಿಕೊಳ್ಳಿ, ಅಲ್ಲಿ ಬೇರೆ ಗಾಡಿ ಸುಲಭಕ್ಕೆ ಸಿಗುವುದಿಲ್ಲ.